ಹನ್ನೊಂದು ಅಡಿ ದಡ

ಮೇ ೯, ಮಂಗಳವಾರ
ನದಿಮುಖ

ನನ್ನ ಮಾರ್ಲಿಸ್‌ಗೆ, ನಿನ್ನ ಬರ್ನಡೀನ್ ಅತ್ತೆಯ ನೆನಪುಗಳು.

ನಿನ್ನ ಕಾಗದ ಶುಕ್ರವಾರವೇ ಬಂತು. ಮೂರೇ ಸಾಲು. ಮೇಲೆ ‘ಪ್ರೀತಿಯ’ ಇಲ್ಲ, ಕೆಳಗೆ ಸಹಿ ಇಲ್ಲ. ಶೆರಿಫ್ ಕಚೇರಿಯವರು ನಿನ್ನಪ್ಪನ ಸಾಮಾನು ಕಳಿಸಿದ್ದಾರೆ, ಕೋಟಿನ ಜೇಬಿನಲ್ಲಿ ಕೊಂಬೆ ಕತ್ತರಿಸುವ ಕತ್ತರಿ ಇತ್ತು, ದಡ ಅಳೆಯಲು ಹೋದವನಿಗೆ ಕತ್ತರಿ ಯಾಕೆ ಬೇಕಿತ್ತು ಎಂದು ಕೇಳಿದ್ದೀಯ. ನಾಲ್ಕು ದಿನ ಆ ಕಾಗದ ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಬಿದ್ದಿತ್ತು. ಊಟಕ್ಕೆ ಕೂತಾಗಲೆಲ್ಲ ಓದಿದೆ. ಊಟ ಸೇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಫೋನಿನಲ್ಲಿ ನೀನು ಸುಮ್ಮನಾದರೆ ಸಾಕು, ನಾನು ಮಾತು ತಿರುಗಿಸಿಬಿಡುತ್ತೇನೆ. ಏಳು ವರ್ಷ ನಮ್ಮ ಬುಡಕಟ್ಟಿನ ಮಂಡಳಿಯ ಕುರ್ಚಿಯಲ್ಲಿ ಕೂತು ಚೆನ್ನಾಗಿ ಕಲಿತದ್ದು ಅದೊಂದನ್ನೇ. ನಮ್ಮೂರಿನ ಲೈಲ್ ನಾಳೆ ಕಣ್ಣು ತೋರಿಸಲು ನಿಮ್ಮ ನಗರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಶುಕ್ರವಾರದೊಳಗೆ ನೀನು ಇದನ್ನು ಓದಿರಬೇಕು.

ಶುಕ್ರವಾರ ನೀನು ನ್ಯಾಯಾಧೀಶರ ಮುಂದೆ ನಿಲ್ಲುತ್ತೀಯ. ನಮ್ಮ ವಕೀಲೆ ನಿನಗೆ ಎಲ್ಲ ಹೇಳಿಕೊಟ್ಟಿದ್ದಾಳೆ, ಗೊತ್ತು. ಪ್ರತಿ ಭಾನುವಾರ ನಿನ್ನಪ್ಪ ಎಲ್ರಾಯ್ ನಿನಗೆ ಫೋನ್ ಮಾಡಿ ನದಿಗೂ ಎಣ್ಣೆ ಪೈಪಿಗೂ ನಡುವೆ ಎಷ್ಟು ಅಡಿ ಉಳಿದಿದೆ ಎಂದು ಹೇಳುತ್ತಿದ್ದ, ನೀನು ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೀಯ. ನಮ್ಮ ಅಳತೆಯೆಲ್ಲ ಆಮೇಲೆ ಹುಟ್ಟಿಸಿದ್ದು ಎಂದು ಪೈಪಿನ ಕಂಪನಿಯವರು ಹೇಳುತ್ತಿದ್ದಾರಲ್ಲ, ಅದಕ್ಕೆ ಉತ್ತರ ನಿನ್ನ ಕ್ಯಾಲೆಂಡರು. ಆದರೆ ಅದನ್ನು ನೋಡಿದ ಮೇಲೆ ಅವರ ವಕೀಲ ನಿನ್ನನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಏಪ್ರಿಲ್ ಹನ್ನೆರಡನೇ ತಾರೀಕು, ತೀರಿಕೊಂಡ ದಿನ, ನಿಮ್ಮ ತಂದೆ ದಡದ ಮೇಲೆ ಏನು ಮಾಡುತ್ತಿದ್ದರು? ಅಳೆಯುತ್ತಿದ್ದರು ಎಂದು ಊರೆಲ್ಲ ಹೇಳಿದ್ದನ್ನೇ ನೀನೂ ಹೇಳುತ್ತೀಯ. ಅದು ಸುಳ್ಳು, ಮಾರ್ಲಿಸ್. ಹೇಳುವ ಮೊದಲು ಅದು ಸುಳ್ಳು ಎಂದು ನಿನಗೆ ಗೊತ್ತಿರಲಿ ಎಂದು ಈ ಕಾಗದ.

ಎಲ್ಲಿಂದ ಶುರುಮಾಡಲಿ? ನಿನ್ನಪ್ಪನೂ ನಾನೂ ಚಿಕ್ಕವರಿದ್ದಾಗ ಆ ಪೈಪಿಗೂ ನದಿಗೂ ನಡುವೆ ಒಂದು ಬೇಸ್‌ಬಾಲ್ ಮೈದಾನವೇ ಇತ್ತು. ನಿನ್ನಪ್ಪ ಬಾರಿಸಿದ ಚೆಂಡು ಒಂದು ಸಲವೂ ನೀರಿಗೆ ಬಿದ್ದದ್ದಿಲ್ಲ, ಅಷ್ಟು ದೂರ. ನಮ್ಮ ನೆಲದಲ್ಲಿ ಎಣ್ಣೆ ಹರಿಸಲು ಅವರಿಗೆ ಕೊಟ್ಟ ಹಕ್ಕು ಮುಗಿದು ಹತ್ತು ವರ್ಷವಾಯಿತು. ಹಕ್ಕು ಮುಗಿಯಿತು, ಎಣ್ಣೆ ಮಾತ್ರ ನಿಲ್ಲಲಿಲ್ಲ. ನಾವು ಕೋರ್ಟಿಗೆ ಹೋದೆವು, ಅವರು ಮೇಲಿನ ಕೋರ್ಟಿಗೆ ಹೋದರು. ಎಣ್ಣೆ ಕಳಿಸುವ ಗಡಿಯಾಚೆಯ ದೇಶದವರು ಹಳೇ ಒಪ್ಪಂದ ತೆಗೆದು ತೋರಿಸಿದರು, ಈಚೆಯ ಸರ್ಕಾರದವರು ಚುನಾವಣೆ ಮುಗಿಯಲಿ ಎಂದರು. ಅಷ್ಟರಲ್ಲಿ ನದಿ ಯಾರನ್ನೂ ಕೇಳದೆ ಪ್ರತಿ ವಸಂತದಲ್ಲೂ ದಡವನ್ನು ತಿನ್ನುತ್ತ ಬಂತು.

ಕಳೆದ ಅಕ್ಟೋಬರಿನಲ್ಲಿ ಕಂಪನಿಯವರು ಅರ್ಜಿ ತಂದರು. ದಡಕ್ಕೆ ಮರಳು ಚೀಲ ಪೇರಿಸುತ್ತೇವೆ, ಮರದ ದಿಮ್ಮಿ ಹೂಳುತ್ತೇವೆ, ಕೊರೆತ ನಿಲ್ಲುತ್ತದೆ, ಅನುಮತಿ ಕೊಡಿ ಎಂದು. ಮಂಡಳಿಯಲ್ಲಿ ನಾವು ಏಳು ಜನ. ಮೂವರು ಕೊಡೋಣ ಎಂದರು, ಮೂವರು ಬೇಡ ಎಂದರು. ಉಳಿದವಳು ನಾನು. ಕೈ ಎತ್ತುವ ಮೊದಲು ಅಧ್ಯಕ್ಷ ಹಾರ್ಲನ್, ಸಭೆಗೆ ಬಂದವರಲ್ಲಿ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದ. ಹಿಂದಿನ ಸಾಲಿನಿಂದ ನಿನ್ನಪ್ಪ ಎದ್ದು ನಿಂತ.

ನೀನು ಅಲ್ಲಿರಲಿಲ್ಲ. ಅವನು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ಟೋಪಿ ಕೈಯಲ್ಲಿ ಹಿಡಿದು, ನನ್ನನ್ನೇ ನೋಡುತ್ತ, “ಬರ್ನಿ, ಪೈಪು ಮುಚ್ಬೇಕು ಅನ್ನೋದ್ರಲ್ಲಿ ನಾನೇನು ನಿಮಗಿಂತ ಹಿಂದಿಲ್ಲ. ಆದ್ರೆ ಅದು ಮುಚ್ಚೋವರೆಗೂ ಒಡೀಬಾರದಲ್ವಾ? ದಡಕ್ಕೆ ನಾಕು ಚೀಲ ಹಾಕಿದ್ರೆ ನಿಮ್ಮ ಗಂಟೇನು ಹೋಗತ್ತೆ?” ಎಂದ. ನಾನು ಕಾನೂನು ಹೇಳಿದೆ. ದಡ ಕುಸಿಯುತ್ತಿದೆ, ಅಪಾಯ ಕಣ್ಣೆದುರಿಗಿದೆ, ಅದಕ್ಕೇ ತಕ್ಷಣ ಎಣ್ಣೆ ನಿಲ್ಲಿಸಿ ಎಂದು ತಾನೇ ನಾವು ಕೇಳುತ್ತಿರುವುದು? ಚೀಲ ಪೇರಿಸಿದರೆ ಅಪಾಯ ಎಲ್ಲಿ ಉಳಿಯಿತು? ಇನ್ನು ಇಪ್ಪತ್ತು ವರ್ಷ ಹರಿಸಿಕೊಳ್ಳಿ ಎಂದು ಬರೆದುಕೊಟ್ಟಂತೆಯೇ ಸರಿ. ಅವನು ತಲೆ ಅಲ್ಲಾಡಿಸಿದ. “ಅಂದ್ರೆ ನದಿ ಪೈಪಿನ ಹತ್ರ ಬರ್ಲಿ ಅಂತ ನೀವೇ ಕಾಯ್ತಾ ಕೂತಿದೀರ. ಚೆನ್ನಾಗಿದೆ ಕಣಮ್ಮ. ನೀರಿಗೆ ನಿಮ್ಮ ಕೇಸ್ ನಂಬರ್ ಗೊತ್ತಿಲ್ಲ, ತಿಳ್ಕೋ. ಅದು ತೀರ್ಪು ಬರೋತನಕ ನಿಲ್ಲಲ್ಲ.”

ನಾನು ಬೇಡ ಎಂದು ಕೈ ಎತ್ತಿದೆ. ಇವತ್ತು ಕೇಳಿದರೂ ಅದು ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ, ಸರಿ ಎಂದು ಹೇಳುವ ಧೈರ್ಯವೂ ಇಲ್ಲ. ಆದರೆ ಅವನು ಯಾಕೆ ಹಾಗೆ ಮಾತಾಡಿದ ಎಂದು ನನಗೆ ಗೊತ್ತಿತ್ತು. ಅವನು ಭತ್ತದ ಯಜಮಾನ. ಆಗಸ್ಟಿನಲ್ಲಿ ದೋಣಿಯಲ್ಲಿ ಹೋಗಿ, ನೀರಿನಲ್ಲೇ ಬೆಳೆಯುವ ಕಾಡುಭತ್ತದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಅವನು “ಇನ್ನು ಇಳೀರಪ್ಪ” ಎನ್ನುವವರೆಗೆ ಊರಿನಲ್ಲಿ ಒಬ್ಬರೂ ದೋಣಿ ಇಳಿಸುವಂತಿಲ್ಲ. ಪೈಪು ನದಿಯ ಮೇಲ್ಭಾಗದಲ್ಲಿ, ಭತ್ತ ಕೆಳಗೆ, ನದಿ ಸರೋವರಕ್ಕೆ ಸೇರುವಲ್ಲಿ. ಪೈಪು ಒಡೆದರೆ ಮಧ್ಯಾಹ್ನದೊಳಗೆ ಎಣ್ಣೆ ಭತ್ತಕ್ಕೆ ಮುಟ್ಟುತ್ತದೆ. ಆಮೇಲೆ ಯಜಮಾನನಿಗೆ ಕೆಲಸವೇ ಇಲ್ಲ. ನಾನು ಮುಂದಿನ ಐವತ್ತು ವರ್ಷದ ಲೆಕ್ಕ ಹಾಕುತ್ತಿದ್ದೆ, ಅವನು ಮುಂದಿನ ಆಗಸ್ಟಿನದು.

ಚಳಿಗಾಲ ಕೆಟ್ಟದಾಗಿ ಕಳೆಯಿತು. ಪಟ್ಟಣದಲ್ಲಿ ಮನೆಮನೆಗೆ ಗ್ಯಾಸ್ ತುಂಬಿಸುವ ಟೋಯ್ವೊ ಇದ್ದಾನಲ್ಲ, ಅವನ ಗ್ಯಾಸೆಲ್ಲ ತಯಾರಾಗುವುದು ಅದೇ ಪೈಪಿನಲ್ಲಿ ಬರುವ ದ್ರವದಿಂದ. ದಿನಸಿ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನನಗೆ, “ಮುಚ್ಸಿ ಮೇಡಂ, ಮುಚ್ಸಿ. ಜನವರೀಲಿ ಒಲೆಗೆ ನಿಮ್ಮ ಭಾಷಣ ಹಾಕ್ಕೊಂಡು ಉರಿಸ್ತೀವಿ” ಎಂದ. ಎಲ್ಲರೂ ನಕ್ಕರು. ಮುಂದಿನ ವಾರ ನಮ್ಮ ಮುದುಕರ ಮನೆಗಳಿಗೆ ಎಲ್ಲರಿಗಿಂತ ಮೊದಲು ಗ್ಯಾಸ್ ತಂದು ತುಂಬಿಸಿದವನೂ ಅವನೇ. ಇಂಥವರ ಜೊತೆ ಜಗಳ ಆಡುವುದು ಹೇಗೆ ಹೇಳು.

ನಿನ್ನಪ್ಪ ನನ್ನ ಜೊತೆ ಮಾತು ಬಿಟ್ಟ. ಮೀನು ಕೊಡುವುದನ್ನು ಮಾತ್ರ ಬಿಡಲಿಲ್ಲ. ವಾರಕ್ಕೊಂದು ಸಲ ಹೊಗೆಯಲ್ಲಿ ಬೇಯಿಸಿದ ಬಿಳಿಮೀನು ಕಾಗದದಲ್ಲಿ ಸುತ್ತಿ ನನ್ನ ಕಟ್ಟೆಯ ಮೇಲೆ ಇಟ್ಟು, ಬಾಗಿಲು ತಟ್ಟದೆ ಹೋಗುತ್ತಿದ್ದ. ಅವನ ಸಿಟ್ಟು ಯಾವಾಗಲೂ ಹಾಗೆಯೇ, ಹೊಟ್ಟೆ ತುಂಬಿಸಿ ಉರಿಸುವುದು. ನಾನೂ ಹಟ ಹಿಡಿದು, ತಿಂದು, ಥ್ಯಾಂಕ್ಸ್ ಹೇಳದೆ ಕೂತೆ.

ಏಪ್ರಿಲ್ ಹತ್ತು, ಸೋಮವಾರ. ಹಿಮ ಕರಗಿ ನದಿ ಉಬ್ಬಿತ್ತು. ಕೋರ್ಟು ನೇಮಿಸಿದ ತಜ್ಞ ಶುಕ್ರವಾರ ಬರುವವನಿದ್ದ. ಒಂದು ಸಲ ನೋಡಿಬರೋಣ ಎಂದು ದಡಕ್ಕೆ ಹೋದೆ. ಎಲ್ರಾಯ್ ಅಳತೆಗೆ ನೆಟ್ಟ ಕಿತ್ತಳೆ ಬಣ್ಣದ ಗೂಟಗಳ ಕೆಳಗೆ, ದಡದ ಇಳಿಜಾರಿನ ಉದ್ದಕ್ಕೂ ವಿಲ್ಲೋ ಕಡ್ಡಿಗಳು! ಬೆರಳು ದಪ್ಪದ ತುಂಡು ಕತ್ತರಿಸಿ ಕೆಸರಿಗೆ ಚುಚ್ಚಿದರೆ ಸಾಕು, ತಾನೇ ಬೇರು ಬಿಟ್ಟು ಮಣ್ಣು ಹಿಡಿಯುವ ಜಾತಿ ಅದು. ಒಂದಲ್ಲ ಎರಡಲ್ಲ, ಸಾಲುಸಾಲು. ಶರತ್ಕಾಲದಲ್ಲಿ ನೆಟ್ಟವು ಆಗಲೇ ಮೊಗ್ಗು ಬಿಟ್ಟಿದ್ದವು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ.

ನೇರ ಅವನ ಮನೆಗೆ ಹೋದೆ. ಮೀನು ಹುರಿಯುತ್ತಿದ್ದ. ಕೂರು ಎನ್ನಲಿಲ್ಲ, ನಾನು ಕೂರಲೂ ಇಲ್ಲ. ನಾನು ಏನೇನು ಅಂದೆನೋ ಎಲ್ಲ ಬರೆಯಲಾರೆ. ಮಂಡಳಿ ತೀರ್ಮಾನ ಮಾಡಿದ ಮೇಲೆ ನಮ್ಮವನೇ ದಡ ಕಟ್ಟುತ್ತ ಕೂತರೆ ಕಂಪನಿಯ ವಕೀಲ ಅದರ ಫೋಟೊ ತೆಗೆದು ನ್ಯಾಯಾಧೀಶರ ಮುಂದಿಡುತ್ತಾನೆ, ನೋಡಿ ಸ್ವಾಮಿ, ದಡ ಉಳಿಸಬಹುದು ಎಂದು ಅವರಿಗೇ ಗೊತ್ತಿದೆ ಎನ್ನುತ್ತಾನೆ, ಹತ್ತು ವರ್ಷದ ಕೆಲಸ ನಿನ್ನ ಒಂದು ಹೊರೆ ಕಡ್ಡಿಯಿಂದ ಮಣ್ಣುಪಾಲು ಎಂದೆ. ಅವನು ಮೀನು ಮಗುಚುತ್ತ, “ಕಡ್ಡಿ ನೋಡಿ ಹೆದರ್ಕೊಳ್ಳೋ ಕೇಸು ಎಂಥ ಕೇಸು?” ಎಂದ. ನಾನು, “ಶುಕ್ರವಾರದೊಳಗೆ ಒಂದೂ ಬಿಡದೆ ಕಿತ್ತಿರ್ಬೇಕು. ಇಲ್ಲಾಂದ್ರೆ ಹಾರ್ಲನ್‌ಗೆ ಹೇಳಿ ಹುಡುಗರನ್ನ ಕಳಿಸ್ತೀನಿ, ನಿನ್ನ ಕಣ್ಣೆದುರಿಗೇ ಕೀಳ್ತಾರೆ” ಎಂದೆ. ಅವನು ಒಲೆ ಆರಿಸಿ, “ಸರಿ” ಎಂದ.

ಅರವತ್ತೊಂದು ವರ್ಷದಲ್ಲಿ ನಿನ್ನಪ್ಪ ನನಗೆ ಒಂದೇ ಮಾತಿಗೆ ಸರಿ ಎಂದವನಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಗೆದ್ದೆ ಎಂದು ಮನೆಗೆ ಬಂದೆ.

ಬುಧವಾರ ಮಧ್ಯಾಹ್ನ ಕಿತ್ತಿದ್ದಾನೋ ಇಲ್ಲವೋ ನೋಡಲು ಹೋದೆ. ಅವನ ಟ್ರಕ್ಕು ಬಾಗಿಲು ತೆರೆದುಕೊಂಡು ನಿಂತಿತ್ತು, ರೇಡಿಯೊ ಹಾಡುತ್ತಿತ್ತು. ದಡ ಇದ್ದಲ್ಲಿ ದಡ ಇರಲಿಲ್ಲ. ಒಂದು ಮನೆ ಅಗಲದ ಮಣ್ಣು, ಗೂಟಗಳ ಸಮೇತ, ಹಸಿ ಹಸಿಯಾಗಿ ನೀರಿಗೆ ಜಾರಿತ್ತು. ಅಂಚಿನ ಹುಲ್ಲಿನ ಮೇಲೆ ಒಂದು ಗೋಣಿಚೀಲ. ಬಾಯಿ ಬಿಚ್ಚಿ ನೋಡಿದೆ. ವಿಲ್ಲೋ ಕಡ್ಡಿಗಳು. ಕಿತ್ತವಲ್ಲ ಮಾರ್ಲಿಸ್. ಕಿತ್ತದ್ದಾದರೆ ಬೇರು, ಕೆಸರು ಇರಬೇಕು. ಇವು ಆಗತಾನೇ ಕತ್ತರಿಸಿ ತಂದವು, ತುದಿ ಬಿಳುಪಾಗಿ ಇನ್ನೂ ಒಸರುತ್ತಿತ್ತು. ಕುಸಿಯದೆ ಉಳಿದ ಕಡೆ ಹಳೆಯವು ಒಂದೂ ಅಲ್ಲಾಡದೆ ನಿಂತಿದ್ದವು, ಅವುಗಳ ನಡುವೆ ಹಾರೆಯಿಂದ ತೋಡಿದ ಹೊಸ ತೂತುಗಳು.

ಇದೇ ನಿನ್ನ ಕತ್ತರಿಗೆ ಉತ್ತರ. ನಿನ್ನಪ್ಪ ಅಳೆಯಲು ಹೋಗಿರಲಿಲ್ಲ. ನಾನು ಹೇಳಿದಂತೆ ಕೀಳಲೂ ಹೋಗಿರಲಿಲ್ಲ. ತಜ್ಞ ಬಂದರೆ ಬರಲಿ, ಕೇಸು ಹೋದರೆ ಹೋಗಲಿ ಎಂದು ಇನ್ನಷ್ಟು ನೆಡಲು ಹೋಗಿದ್ದ. ನಾನು ಶುಕ್ರವಾರದ ಗಡುವು ಕೊಡದಿದ್ದರೆ ನೀರು ಇಳಿಯುವವರೆಗೆ ಕಾಯುತ್ತಿದ್ದನೋ ಏನೋ. ಬೇರು ಬಿಟ್ಟ ಮೇಲೆ ಬರ್ನಿ ಏನು ಕಿತ್ತಾಳು ಎಂದುಕೊಂಡಿರಬೇಕು. ಅವನನ್ನು ಆ ದಿನ ಆ ದಡಕ್ಕೆ ಕಳಿಸಿದವಳು ನಾನು.

ಕೂಡಲೇ ಶೆರಿಫ್ ಕಚೇರಿಗೆ ಫೋನ್ ಮಾಡಿದೆ. ದೋಣಿ ಬಂತು, ಪಟ್ಟಣದ ಅಗ್ನಿಶಾಮಕದವರೂ ಬಂದರು, ಟೋಯ್ವೊ ತನ್ನ ಸ್ವಂತ ದೋಣಿ ತಂದ. ಎರಡು ಗಂಟೆ ಹುಡುಕಿದರು. ನಲವತ್ತು ಗಜ ಕೆಳಗೆ, ತಿರುವಿನಲ್ಲಿ ಆಲ್ಡರ್ ಮರದ ಬೇರುಗಳ ನಡುವೆ ಸಿಕ್ಕ. ಮುಂದಿನದು ನಿನಗೆ ಗೊತ್ತು.

ಆ ಗದ್ದಲದಲ್ಲಿ ಗೋಣಿಚೀಲ ನನ್ನ ಕಾರು ಸೇರಿತು. ಆತ್ಮ ದಾರಿ ನಡೆಯುವ ನಾಲ್ಕು ದಿನ ನಾವು ಆರದಂತೆ ಉರಿಸುವ ಬೆಂಕಿಯನ್ನು ಲೈಲ್ ಕಾಯುತ್ತಿದ್ದ. ಆ ಬೆಂಕಿಗೆ ಹೊಗೆಸೊಪ್ಪು, ಸೀಡರ್ ಎಲೆ, ಸತ್ತವನ ಪಾಲಿನ ಊಟ ಬಿಟ್ಟು ಬೇರೇನೂ ಹಾಕಬಾರದು ಎಂದು ನಿನಗೂ ಕಲಿಸಿದವಳು ನಾನೇ. ಎರಡನೆಯ ದಿನ ಮಧ್ಯಾಹ್ನ, “ಹೋಗೋ, ಸೂಪು ಬಿಸಿಯಾಗಿದೆ, ಹತ್ತು ನಿಮಿಷ ನಾನಿರ್ತೀನಿ” ಎಂದು ಅವನನ್ನು ಒಳಗೆ ಕಳಿಸಿದೆ. ಗೋಣಿಚೀಲ ತಂದು ಬೆಂಕಿಗೆ ಸುರಿದೆ. ಕಡ್ಡಿಗಳೆಲ್ಲ ಹಸಿ. ಉರಿಯದೆ ದಟ್ಟವಾಗಿ ಹೊಗೆ ಬಂತು. ಲೈಲ್ ಬಾಯಿ ಒರೆಸಿಕೊಳ್ಳುತ್ತ ಬಂದು ಹೊಗೆ ನೋಡಿದ, ನನ್ನನ್ನು ನೋಡಿದ. ಅವತ್ತಿನಿಂದ ಅವನು ನನ್ನನ್ನು ಅಕ್ಕ ಎಂದು ಕರೆಯುವುದನ್ನು ಬಿಟ್ಟಿದ್ದಾನೆ.

ಮಿಕ್ಕದ್ದು ತಾನಾಗಿಯೇ ನಡೆಯಿತು. ಅಳೆಯಲು ಹೋಗಿದ್ದ ಎಂದು ನಾನು ಹಾರ್ಲನ್‌ಗೆ ಹೇಳಿದೆ, ಹಾರ್ಲನ್ ಪತ್ರಿಕೆಯವರಿಗೆ ಹೇಳಿದ. ಪೈಪು ವಿರೋಧಿಸಿ ಷಿಕಾಗೋದಿಂದ ಬಸ್ಸು ಮಾಡಿಕೊಂಡು ಬಂದವರು ಅವನ ಫೋಟೊ ದೊಡ್ಡದು ಮಾಡಿಸಿ, ಕೆಳಗೆ ‘ದಡ ಕಾಯುತ್ತ ಪ್ರಾಣ ಕೊಟ್ಟವನು’ ಎಂದು ಬರೆಸಿ ಹೊತ್ತು ತಿರುಗಿದರು. ನನಗೆ ನಗು ಬಂತು, ಅಳುವಿನ ಜಾಗದಲ್ಲಿ ಬರುತ್ತದಲ್ಲ, ಅಂಥ ನಗು. ಅವರು ಬರೆಸಿದ್ದು ಅಕ್ಷರಕ್ಕಕ್ಷರ ನಿಜ. ಅದನ್ನು ಯಾರಿಂದ ಕಾಯುತ್ತಿದ್ದ ಎಂಬುದೊಂದು ಅವರಿಗೆ ಗೊತ್ತಿಲ್ಲ.

ಹೋದ ವಾರ ನಾನು ಕೋರ್ಟಿಗೆ ಪ್ರಮಾಣಪತ್ರವನ್ನೂ ಬರೆದುಕೊಟ್ಟೆ. ಅವನು ಅಳೆಯಲು ಹೋಗಿದ್ದ, ನಾನು ಹೋಗುವಷ್ಟರಲ್ಲಿ ದಡ ಕುಸಿದಿತ್ತು, ಕೂಡಲೇ ಕರೆ ಮಾಡಿದೆ ಎಂದು, ಕೆಳಗೆ ಸಹಿ. ವಕೀಲೆ ಅದನ್ನು ಓದಿ, ಹದಿನೈದು ಅಡಿ ಇದ್ದದ್ದು ಆ ಕುಸಿತದಲ್ಲಿ ಹನ್ನೊಂದಾಯಿತಲ್ಲ, ಆ ನಾಲ್ಕು ಅಡಿಯೇ ಪೈಪು ಮುಚ್ಚಿಸಬಹುದು ಎಂದಳು. ಅವಳ ದನಿಯಲ್ಲಿ ಖುಷಿ ಇತ್ತು. ಮರುಕ್ಷಣ ನಾಲಿಗೆ ಕಚ್ಚಿಕೊಂಡು, ಕ್ಷಮಿಸಿ ಎಂದಳು. ಕ್ಷಮಿಸುವುದೇನು ಬಂತು, ಅದೇ ಲೆಕ್ಕ ನನ್ನ ತಲೆಯಲ್ಲೂ ಓಡುತ್ತಿತ್ತು.

ಈಗ ನಿನ್ನ ಮಾತು. ಅಳೆಯುತ್ತಿದ್ದರು ಎಂದು ನೀನು ಹೇಳಿದರೆ ಪೈಪು ಮುಚ್ಚಬಹುದು, ಅವನ ಭತ್ತ ಉಳಿಯಬಹುದು. ನಿಜ ಹೇಳಿದರೆ ಕಂಪನಿಯವರು ಎದ್ದು ಕುಣಿಯುತ್ತಾರೆ. ಅವರ ಭತ್ತದ ಯಜಮಾನನೇ ದಡ ಕಟ್ಟಬೇಕು ಎನ್ನುತ್ತಿದ್ದ, ಮಂಡಳಿ ತಡೆಯಿತು, ಅದಕ್ಕೇ ಸತ್ತ ಎನ್ನುತ್ತಾರೆ. ಅದೂ ನಿಜವೇ. ಪೈಪು ಇನ್ನು ಯಾವತ್ತೂ ಮುಚ್ಚದೆ ಹೋಗಬಹುದು, ನಾನು ಸುಳ್ಳು ಪ್ರಮಾಣ ಮಾಡಿದವಳಾಗುತ್ತೇನೆ. ನನ್ನದನ್ನು ನೀನು ಲೆಕ್ಕಕ್ಕೆ ಹಿಡಿಯಬೇಡ. ಅವನ ಹೆಣವನ್ನು ನಾನು ಒಂದು ಸಲ ಬಳಸಿಕೊಂಡೆ. ನಿನ್ನನ್ನೂ ಬಳಸಿಕೊಳ್ಳಲಾರೆ. ಏನು ಮಾಡು ಎಂದು ನಾನು ಹೇಳುವುದಿಲ್ಲ, ನಿನಗೆ ಸರಿ ಕಂಡದ್ದು ಮಾಡು. ಯಾವುದು ಮಾಡಿದರೂ ನೀನು ನನ್ನ ಮಗಳಂಥವಳೇ.

ಅವನು ಶರತ್ಕಾಲದಲ್ಲಿ ನೆಟ್ಟ ಕಡ್ಡಿಗಳು ಮೇಲಿನ ತಿರುವಿನಲ್ಲಿ ಎಲೆ ಬಿಟ್ಟಿವೆ. ತಜ್ಞ ಅವುಗಳ ಪಕ್ಕದಲ್ಲೇ ನಡೆದು ಹೋದ, ತಾನಾಗಿ ಹುಟ್ಟಿದವು ಎಂದುಕೊಂಡಿರಬೇಕು. ಅಲ್ಲಿ ಮಣ್ಣು ಒಂದು ಇಂಚೂ ಜಾರಿಲ್ಲ. ನಿನ್ನಪ್ಪ ಹೇಳಿದ್ದು ಸರಿ ಇತ್ತು ಎಂದು ಬರೆಯಲು ನನಗೆ ಇಷ್ಟು ಪುಟ ಬೇಕಾಯಿತು.

ರಸ್ತೆಯಲ್ಲಿ ಜಿಂಕೆ ಅಡ್ಡ ಬರುವ ಕಾಲ, ಶುಕ್ರವಾರ ಬರುವಾಗ ನಿಧಾನ ಬಾ. ಇಲ್ಲಿಗೆ ಬಂದು ಉಳಿಯಲು ಮನಸ್ಸಿಲ್ಲದಿದ್ದರೆ ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನವಳೇ ಆದ,
ಬರ್ನಡೀನ್ ಅತ್ತೆ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಮರೆತದ್ದಲ್ಲ, ಬಿಟ್ಟದ್ದು. ಕೂಡಲೇ ಫೋನ್ ಮಾಡಿದೆ ಎಂದು ಪ್ರಮಾಣಪತ್ರದಲ್ಲಿ ಬರೆದೆ, ಮೇಲೆ ನಿನಗೂ ಹಾಗೆಯೇ ಬರೆದೆ. ಮಾಡಲಿಲ್ಲ. ಮೊದಲು ಚೀಲವನ್ನು ಕಾರಿಗೆ ಹೊತ್ತೊಯ್ದು ಹಿಂದಿನ ಸೀಟಿನ ಕಂಬಳಿಯ ಕೆಳಗೆ ಇಟ್ಟೆ. ವಾಪಸು ಬಂದು ಹುಲ್ಲಿನ ಮೇಲೆ ಚೆಲ್ಲಿದ್ದ ಚೂರುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿದೆ. ಹೊಸ ತೂತುಗಳನ್ನು ಬೂಟುಗಾಲಿನಿಂದ ಮುಚ್ಚಿದೆ. ಆಮೇಲೆ ಫೋನ್ ಮಾಡಿದೆ. ಎಲ್ರಾಯ್‌ನ ಅಂಗೈ ಎರಡೂ ಸುಲಿದಿದ್ದವು, ಬೇರನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಿರಬೇಕು ಎಂದು ಹೆಣ ಪರೀಕ್ಷೆ ಮಾಡಿದ ಡಾಕ್ಟರು ನನಗೊಬ್ಬಳಿಗೇ ಹೇಳಿದರು. ನಲವತ್ತೇ ಗಜ, ಮಾರ್ಲಿಸ್. ನಾನು ಹುಲ್ಲನ್ನು ನೋಡುತ್ತಿದ್ದೆ. ನೀರಿನ ಕಡೆ ತಲೆ ಎತ್ತಿ ನೋಡಲಿಲ್ಲ.